ಎಂಟು ತಿಂಗಳು ಗಾಡಿ ನಿಲ್ಲಿಸಬೇಕು, ಬ್ಯಾಟರಿ ಏನು ಮಾಡಲಿ?

ಮೈನರ್_ಮಗ:
ಅಪ್ಪನ 1959ರ ಮಾರಿಸ್ ಮೈನರ್ ಈಗ ನನ್ನ ಪಾಲಿಗೆ ಬಂದಿದೆ. ಕೆಲಸದ ಮೇಲೆ ಎಂಟು ತಿಂಗಳು ಹೊರಗಿರಬೇಕು. ಹೋದ ಸಲ ಐದು ತಿಂಗಳು ಬಿಟ್ಟುಹೋಗಿ ಬಂದು ಸ್ಟಾರ್ಟರ್ ಎಳೆದರೆ ‘ಟಿಕ್’ ಅಂತಲೂ ಅನ್ನಲಿಲ್ಲ. ಮೀಟರ್ ಹಿಡಿದೆ, 11.3 ವೋಲ್ಟ್. ಅಪ್ಪನ ಕಾಲದ ಚಾರ್ಜರ್ ಒಂದಿದೆ, ಇಟ್ಟಿಗೆಯಷ್ಟು ಭಾರ, ಗುಂಯ್ ಅನ್ನುತ್ತಿರುತ್ತದೆ. ಅದನ್ನು ಹಾಕಿಟ್ಟೆ. ಎರಡನೇ ದಿನ ಶೆಡ್ಡಿನ ಬಾಗಿಲು ತೆಗೆದರೆ ಕೊಳೆತ ಮೊಟ್ಟೆಯ ವಾಸನೆ, ಬ್ಯಾಟರಿಯೊಳಗೆ ಕೊತಕೊತ ಸದ್ದು. ಹೆದರಿ ಗೋಡೆಯ ಸ್ವಿಚ್ ಆರಿಸಿ ಹೊರಗೆ ಓಡಿದೆ.

ತಮ್ಮ ಪ್ರತಿ ಭಾನುವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡ್ತೀನಿ ಅಂತಾನೆ, ಸಾಕಾ? ಎಲ್ಲರೂ ಕಪ್ಪು ವೈರ್ ಮೊದಲು ಬಿಚ್ಚು ಅಂತಾರೆ, ಆದರೆ ಇದರಲ್ಲಿ ಕೆಂಪು ಬದಿಯೇ ಬಾಡಿಗೆ ಬೋಲ್ಟ್ ಆಗಿದೆ. ಅಪ್ಪ ಏನಾದರೂ ಎಡವಟ್ಟು ಮಾಡಿದ್ದಾರಾ? ಮತ್ತೆ, ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ಇಳಿಯುತ್ತಂತೆ, ನಿಜವಾ?

ಡೈನಮೋ_ದಾಸ:
ಅಪ್ಪನ ಮೇಲೆ ಅನುಮಾನ ಬೇಡ ಮಾರಾಯರೆ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ಬದಿಯನ್ನೇ ಬಾಡಿಗೆ ಕಟ್ಟುವುದು, ಸಾಮಾನ್ಯ, ನಿಮ್ಮದೂ ಅದೇ. ಬಣ್ಣ ಮರೆತುಬಿಡಿ. ಬಾಡಿಗೆ ಕಟ್ಟಿರುವ ವೈರ್ ಯಾವುದೋ ಅದು ಮೊದಲು ಬರಬೇಕು, ಹಾಕುವಾಗ ಕೊನೆಗೆ ಹೋಗಬೇಕು. ಅರ್ತ್ ಬಿಚ್ಚದೆ ಇನ್ನೊಂದು ಬದಿಗೆ ಸ್ಪ್ಯಾನರ್ ಹಾಕಿ, ಅದರ ಬಾಲ ಬಾನೆಟ್ಟಿಗೋ ಬಾಡಿಗೋ ತಾಗಿದರೆ ನೂರಾರು ಆಂಪಿಯರ್ ಅದರಲ್ಲೇ ಹರಿಯುತ್ತದೆ. ನನ್ನ ಎಡಗೈ ಬೆರಳಿನ ಸುತ್ತ ಇವತ್ತಿಗೂ ಬಳೆಯ ಹಾಗೆ ಬಿಳಿ ಗುರುತಿದೆ. ಸ್ಪ್ಯಾನರ್ರಿಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಕಾದು ಚರ್ಮ ಅಂಟಿಕೊಂಡಿತು. ಉಂಗುರ, ವಾಚು ಬಿಚ್ಚಿಟ್ಟು, ಕನ್ನಡಕ ಹಾಕಿಕೊಂಡೇ ಕೈ ಹಾಕಿ.

ಶೆಡ್ಡಿನ ವಿಷಯ. ನಿಮ್ಮ ಮೂಗಿಗೆ ಬಡಿದದ್ದು ಹೈಡ್ರೋಜನ್ ಸಲ್ಫೈಡ್, ಅತಿಯಾಗಿ ಚಾರ್ಜ್ ಆದಾಗ ಬರುವಂಥದ್ದು, ಅದೂ ವಿಷವೇ. ಅದರ ಜೊತೆ ಬರುವ ಹೈಡ್ರೋಜನ್‌ಗೆ ವಾಸನೆಯೇ ಇಲ್ಲ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ನೀವು ಗೋಡೆಯ ಸ್ವಿಚ್ ಆರಿಸಿದಿರಿ, ಬಚಾವ್. ಗಾಬರಿಯಲ್ಲಿ ಮೊದಲು ಕ್ಲಿಪ್ ಕಿತ್ತಿದ್ದರೆ ಆ ಕಿಡಿ ಬ್ಯಾಟರಿಯ ತಲೆಯ ಮೇಲೇ ಹಾರುತ್ತಿತ್ತು. ಆ ಇಟ್ಟಿಗೆ ಚಾರ್ಜರ್‌ಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಗೊತ್ತಿಲ್ಲ. ಅದನ್ನು ಅಪ್ಪನ ನೆನಪಿಗೆ ಇಟ್ಟುಕೊಳ್ಳಿ, ಕೆಲಸಕ್ಕೆ ಬೇಡ.

ತಮ್ಮನಿಗೆ ಭಾನುವಾರ ಮಲಗೋಕೆ ಹೇಳಿ. ನಿಮ್ಮದರಲ್ಲಿ ಇರುವುದು ಡೈನಮೋ, ಆಲ್ಟರ್ನೇಟರ್ ಅಲ್ಲ. ಐಡಲ್‌ನಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣಮಿಣ ಅನ್ನುತ್ತಲ್ಲ, ಆಗ ಚಾರ್ಜೇ ಆಗುತ್ತಿಲ್ಲ ಅಂತ ಅರ್ಥ. ಸ್ಟಾರ್ಟರ್ ತಿಂದದ್ದು ವಾಪಸ್ ಬರೋದಿಲ್ಲ. ಮೇಲಿಂದ ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿ, ಆಯಿಲಿನಲ್ಲಿ ನೀರು ಕೂರುತ್ತದೆ. ಉಪಕಾರ ಮಾಡಲು ಹೋಗಿ ಎಂಜಿನ್ನಿಗೂ ಸೇರಿಸಿ ಅಪಕಾರ.

ಬ್ಯಾಟರಿ ಬಿಚ್ಚಿ, ಗಾಳಿಯಾಡುವ ತಂಪು ಜಾಗದಲ್ಲಿಡಿ. ಬಿಸಿಲಿಗೆ ಕಾಯುವ ಶೆಡ್ಡಿನಲ್ಲಿ ಸುಮ್ಮನಿದ್ದರೂ ಬೇಗ ಸೋರುತ್ತದೆ. ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟು ನೋಡಿದರೆ 12.6ರ ಮೇಲಿರಬೇಕು. ತಿಂಗಳಿಗೊಮ್ಮೆ ತಮ್ಮ ಮೀಟರ್ ಹಿಡಿಯಲಿ, 12.4ಕ್ಕೆ ಇಳಿದರೆ ಮತ್ತೆ ಚಾರ್ಜ್. ಅವನು ಮರೆಯುವ ಗಿರಾಕಿಯಾದರೆ 13.5 ವೋಲ್ಟ್ ಆಸುಪಾಸಿನಲ್ಲಿ ತಾನೇ ತಡೆದು ನಿಲ್ಲುವ ಚಾರ್ಜರ್, ಅಂದರೆ ಮೇಂಟೇನರ್ ಹಾಕಿ. ಖಾಲಿ ಬ್ಯಾಟರಿ ಕೂತಷ್ಟೂ ಪ್ಲೇಟಿನ ಮೇಲಿನ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಕರಗಿಸುವುದು ಯಾರ ಕೈಲೂ ಆಗೋದಿಲ್ಲ.

ಸಿಮೆಂಟ್ ನೆಲದ ಕಥೆ ಹಳೆಯ ರಬ್ಬರ್, ಮರದ ಪೆಟ್ಟಿಗೆಗಳ ಕಾಲದ್ದು. ಈಗಿನ ಪ್ಲಾಸ್ಟಿಕ್‌ಗೆ ಏನೂ ಆಗಲ್ಲ.

ಅಂದಹಾಗೆ, ಆಮೇಲೆ ಹಾಕಿಸಿದ ರೇಡಿಯೋ ಏನಾದರೂ ಇದೆಯಾ?

ಮೈನರ್_ಮಗ:
ಇದೆ! ಸ್ಟೇಷನ್ ನೆನಪಿಟ್ಟುಕೊಳ್ಳುವಂಥದ್ದು.

ಡೈನಮೋ_ದಾಸ:
ಸಿಕ್ಕಿಬಿದ್ದ. ಆ ನೆನಪಿಗಾಗಿ ರೇಡಿಯೋ ಆರಿಸಿದ್ದಾಗಲೂ ಬ್ಯಾಟರಿಯಿಂದ 20 ಮಿಲಿಆಂಪಿಯರ್ ಎಳೆದರೂ ದಿನಕ್ಕೆ ಅರ್ಧ ಆಂಪಿಯರ್-ಅವರ್. ಐದು ತಿಂಗಳಿಗೆ ಎಪ್ಪತ್ತರ ಮೇಲೆ. ನಿಮ್ಮ ಬ್ಯಾಟರಿಯ ಹೊಟ್ಟೆಯಲ್ಲಿ ಅಷ್ಟು ಇರಲೂ ಇಲ್ಲ.

ಜೀರುಂಡೆ_ಸವಾರ:
ನನ್ನದು 6 ವೋಲ್ಟಿನ ಬೀಟಲ್, ಬ್ಯಾಟರಿ ಹಿಂದಿನ ಸೀಟಿನ ಅಡಿ. ಮೇಲಿನ ಮುಚ್ಚಳ ಕಳೆದುಹೋಗಿ ವರ್ಷವಾಗಿತ್ತು, ಇರಲಿ ಬಿಡು ಅಂದುಕೊಂಡಿದ್ದೆ. ಒಂದು ದಿನ ದಪ್ಪನೆಯ ಸ್ನೇಹಿತ ಹಿಂದೆ ಕೂತ. ನೂರು ಮೀಟರ್ ಹೋಗಿಲ್ಲ, ‘ಏನೋ ಸುಟ್ಟ ವಾಸನೆ’ ಅಂದ. ಸೀಟಿನ ಸ್ಪ್ರಿಂಗು ಕೆಳಗೆ ಬಾಗಿ ಎರಡೂ ಟರ್ಮಿನಲ್ ಮುಟ್ಟಿತ್ತು. ಸೀಟೆತ್ತಿ ಎಸೆದೆವು, ಒಳಗಿನ ತುಂಬುವಸ್ತು ಕರ್ರಗೆ ಹೊಗೆಯಾಡುತ್ತಿತ್ತು. ಬೀಟಲ್ ಇರುವವರು ಇವತ್ತೇ ಮುಚ್ಚಳ ನೋಡಿಕೊಳ್ಳಿ. ಚಾರ್ಜರ್‌ನಲ್ಲಿ 6 ವೋಲ್ಟಿನ ಸ್ಥಾನ ಇದೆಯೇ ಅಂತಲೂ ನೋಡಿ.

ಮೈನರ್_ಮಗ:
ಹೊಸ ಚಾರ್ಜರ್ ತಂದು ಪೂರ್ತಿ ಮಾಡಿದೆ. ಒಂದು ರಾತ್ರಿ ಬಿಟ್ಟು ನೋಡಿದರೆ 12.55. ಹತ್ತಿರ ಹತ್ತಿರ ಬಂತು ಅಂತ ಖುಷಿಪಟ್ಟೆ. ಆಮೇಲೆ ಒಳಗಿನ ಆಸಿಡ್ ಎಷ್ಟು ಗಟ್ಟಿ ಅಂತ ತೋರಿಸುವ ಹೈಡ್ರೋಮೀಟರ್ ಇಳಿಸಿದರೆ ಐದು ಸೆಲ್ 1.265, ನಾಲ್ಕನೆಯದು ಮಾತ್ರ 1.190. ಆಸಿಡ್ ಹಾಕಲಾ?

ಡೈನಮೋ_ದಾಸ:
ಆಸಿಡ್ ಮುಟ್ಟಬೇಡಿ. ನೀರು ಇಳಿದರೆ ಡಿಸ್ಟಿಲ್ಡ್ ನೀರು ಮಾತ್ರ, ಅದೂ ಚಾರ್ಜ್ ಆದ ಮೇಲೆ. ಆದರೆ ಇದಕ್ಕೆ ಅದೂ ದಂಡ. ಸೆಲ್‌ಗಳ ನಡುವೆ 0.050ಕ್ಕಿಂತ ಹೆಚ್ಚು ವ್ಯತ್ಯಾಸ ಅಂದರೆ ಆ ಸೆಲ್ ಮುಗಿದ ಹಾಗೆ. ಇದನ್ನು ಮೇಂಟೇನರ್‌ಗೆ ಹಾಕಿ ಹೋಗಬೇಡಿ. ಉಳಿದ ಐದು ಸೆಲ್ ಸುಮ್ಮನೆ ಕುದಿಯುತ್ತಿರುತ್ತವೆ, ನೋಡಲು ನೀವೂ ಇರಲ್ಲ. ಮರುಬಳಕೆಗೆ ಕೊಟ್ಟುಬಿಡಿ. ಹೊಸದನ್ನು ಈಗಲೇ ತರಬೇಡಿ, ವಾಪಸ್ ಬಂದ ವಾರ ತನ್ನಿ.

ಮೈನರ್_ಮಗ:
ತಮ್ಮನಿಗೆ ಹೇಳಿದೆ. ಮೀಟರ್ ಹಿಡಿಯೋ ಕೆಲಸವೂ ಹೋಯ್ತಲ್ಲ ಅಂತ ಮುಖ ಸಣ್ಣ ಮಾಡಿದ. ಟೈರಿನ ಗಾಳಿ ನೋಡು ಅಂದಿದ್ದೇನೆ.