ಟೋಕಾಮಾಕ್ ಸಿಮ್ಯುಲೇಶನ್: ಪ್ರೋಟಾನ್ ಗೋಡೆಗೆ ಬಡಿಯುತ್ತಿದೆ, ತಪ್ಪು ಎಲ್ಲಿ?

ಕಾಫಿಕಣ (ವಿರಾಜಪೇಟೆ ಹತ್ತಿರ)

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದು ಹತ್ತು ದಿನ ಆಯ್ತು, ತೋಟಕ್ಕೆ ಇಳಿಯೋ ಹಾಗಿಲ್ಲ. ಹೊತ್ತು ಹೋಗಲಿ ಅಂತ ಪೈಥಾನ್‌ನಲ್ಲಿ ಟೋಕಾಮಾಕ್ ಒಳಗೆ ಒಂದು ಪ್ರೋಟಾನ್ ಓಡಿಸುತ್ತಿದ್ದೇನೆ. ಟೋಕಾಮಾಕ್ ಅಂದರೆ ಬಳೆಯಾಕಾರದ ಕೊಳವೆಯೊಳಗೆ ಬಿಸಿ ಪ್ಲಾಸ್ಮಾವನ್ನು (ಧನ, ಋಣ ಕಣಗಳಾಗಿ ಒಡೆದ ಅನಿಲ) ಕಾಂತಕ್ಷೇತ್ರದಿಂದ ಹಿಡಿದಿಡುವ ಯಂತ್ರ. ಅಳತೆ ಗಾಂಧಿನಗರದ ‘ಆದಿತ್ಯ’ ಟೋಕಾಮಾಕ್‌ದ್ದು: ಬಳೆಯ ತ್ರಿಜ್ಯ 75 ಸೆಂ.ಮೀ., ಕೊಳವೆಯದು 25 ಸೆಂ.ಮೀ. ಮಧ್ಯದಲ್ಲಿ ಕಾಂತಕ್ಷೇತ್ರ 1 ಟೆಸ್ಲಾ ಅಂತ ಇಟ್ಟುಕೊಂಡೆ, ಬಳೆಯ ಒಳಬದಿಯಿಂದ ಹೊರಬದಿಗೆ ಹೋದಂತೆ ಕಡಿಮೆಯಾಗುತ್ತದೆ. ಪ್ರೋಟಾನ್ ಶಕ್ತಿ 1 ಕಿಲೋ ಎಲೆಕ್ಟ್ರಾನ್‌ವೋಲ್ಟ್, ಅರ್ಧ ಕಾಂತಕ್ಷೇತ್ರದ ಗೆರೆಯುದ್ದಕ್ಕೆ, ಅರ್ಧ ಅಡ್ಡಕ್ಕೆ. ಲೆಕ್ಕಕ್ಕೆ ಆಯ್ಲರ್ ವಿಧಾನ (ಈಗಿನ ವೇಗದಲ್ಲೇ ನೇರ ಒಂದು ಹೆಜ್ಜೆ ಮುಂದಿಡುವುದು), 1 ನ್ಯಾನೋಸೆಕೆಂಡ್ ಹೆಜ್ಜೆ.

ಸುತ್ತುವ ವೃತ್ತ ಬರಬರುತ್ತಾ ದೊಡ್ಡದಾಗಿ ಗೋಡೆಗೆ ಬಡಿಯುತ್ತದೆ. ಒಂದೇ ಸುತ್ತಿಗೆ ಅಡ್ಡಕ್ಕಿರುವ ಶಕ್ತಿ ಸುಮಾರು 1.8 ಪಟ್ಟು! ಎಲ್ಲಿಂದ ಬರುತ್ತಿದೆ ಇದು?

ಹಾರಂಗಿಯವ

ಕಾಂತಕ್ಷೇತ್ರ ಕಣವನ್ನು ತಿರುಗಿಸುತ್ತದೆ ಅಷ್ಟೇ, ವೇಗ ಹೆಚ್ಚಿಸುವುದಿಲ್ಲ. ಹಾಗಾಗಿ ಶಕ್ತಿ ಏರಿದರೆ ತಪ್ಪು ಕೋಡ್‌ನದ್ದೇ. ಆಯ್ಲರ್‌ನಲ್ಲಿ ಪ್ರತಿ ಹೆಜ್ಜೆಯೂ ವೃತ್ತದ ಸ್ಪರ್ಶರೇಖೆಯ ಮೇಲೆ ಹೋಗುತ್ತದೆ, ಅಂದರೆ ಪ್ರತಿ ಸಲ ಒಂಚೂರು ಹೊರಗೆ. ನಿಮ್ಮ ಪ್ರೋಟಾನ್ 66 ನ್ಯಾನೋಸೆಕೆಂಡಿಗೆ ಒಂದು ಸುತ್ತು ಹಾಕುತ್ತದೆ. ಆ ಶಕ್ತಿ ಹೆಜ್ಜೆಗೆ ಶೇ. 0.9 ಏರುತ್ತದೆ ಅಂತ ಹಿಡಿದರೂ 66 ಹೆಜ್ಜೆಗೆ ಚಕ್ರಬಡ್ಡಿ ಲೆಕ್ಕ ಹಾಕಿ, ನಿಮ್ಮ 1.8 ಅಲ್ಲೇ ಸಿಗುತ್ತದೆ.

ಹೆಜ್ಜೆ ಸಣ್ಣದು ಮಾಡುತ್ತಾ ಕೂರಬೇಡಿ. ಬೋರಿಸ್ ವಿಧಾನ ಹಾಕಿ. ಅದು ವೇಗದ ಬಾಣವನ್ನು ತಿರುಗಿಸುತ್ತದೆ, ಉದ್ದ ಮಾಡುವುದಿಲ್ಲ. ಹತ್ತು ಸಾಲಿನ ಕೋಡ್.

ಕಾಫಿಕಣ

ಅಣ್ಣಾ, ಶಕ್ತಿ ಈಗ ಗೆರೆ ಎಳೆದ ಹಾಗೆ ನೆಟ್ಟಗಿದೆ. ಆದರೆ ಪ್ರೋಟಾನ್ ಮಾತ್ರ ಸುತ್ತುತ್ತಾ ಸುತ್ತುತ್ತಾ ಮೇಲಕ್ಕೇ ಏರಿ 125 ಮೈಕ್ರೋಸೆಕೆಂಡಿಗೆ ಗೋಡೆ ಮುಟ್ಟುತ್ತದೆ. ಕ್ಷೇತ್ರದ ಸೂತ್ರ ಮೂರು ಸಲ ನೋಡಿದೆ. ಎಲೆಕ್ಟ್ರಾನ್ ಹಾಕಿದರೆ ಕೆಳಗೆ ಹೋಗುತ್ತದೆ.

ಹಾರಂಗಿಯವ

ಈ ಸಲ ಕೋಡ್ ಸರಿ ಇದೆ ಮಾರಾಯ! ನೀವು ಹಾಕಿರುವುದು ಬರೀ ಬಳೆಯ ಸುತ್ತ ಹೋಗುವ ಕ್ಷೇತ್ರ. ಒಳಗಡೆ ಬಲ ಜಾಸ್ತಿ, ಸುತ್ತು ಚಿಕ್ಕದು. ಹೊರಗಡೆ ಬಲ ಕಡಿಮೆ, ಸುತ್ತು ದೊಡ್ಡದು. ಎರಡೂ ಅರ್ಧ ಕೂಡಿಕೊಳ್ಳದೆ ಕಣ ಪಕ್ಕಕ್ಕೆ ಜಾರುತ್ತದೆ. ಗೆರೆಯ ಬಾಗೂ ಅದೇ ದಿಕ್ಕಿಗೆ ತಳ್ಳುತ್ತದೆ. ನಿಮ್ಮ ಅಂಕಿಗಳಿಗೆ ಆ ಜಾರು ಸೆಕೆಂಡಿಗೆ ಸುಮಾರು 2000 ಮೀಟರ್. 25 ಸೆಂ.ಮೀ.ಗೆ ಎಷ್ಟು ಹೊತ್ತು ಬೇಕು? ಸರಿಯಾಗಿ ನಿಮ್ಮ 125.

ನಿಜವಾದ ಪ್ಲಾಸ್ಮಾದಲ್ಲಿ ಇನ್ನೂ ಕೆಟ್ಟದಾಗುತ್ತದೆ. ಧನ ಮೇಲೆ, ಋಣ ಕೆಳಗೆ ಸೇರಿದರೆ ನಡುವೆ ವಿದ್ಯುತ್ ಕ್ಷೇತ್ರ ಹುಟ್ಟಿ ಇಡೀ ಪ್ಲಾಸ್ಮಾವನ್ನೇ ಹೊರಗಡೆ ನೂಕುತ್ತದೆ.

ಮದ್ದು ಏನೆಂದರೆ ಗೆರೆಗಳನ್ನು ತಿರುಚಬೇಕು. ಸೌದೆ ಹೊರೆ ಹೊರುವವರು ತಲೆ ಮೇಲೆ ಇಟ್ಟುಕೊಳ್ಳುವ ಸಿಂಬಿ ನೋಡಿದ್ದೀರಲ್ಲ? ಹುಲ್ಲಿನ ಎಳೆ ಬಳೆಯುದ್ದಕ್ಕೂ ಹೋಗುತ್ತಾ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸುತ್ತಿಕೊಂಡಿರುತ್ತದೆ. ಗೆರೆ ಹಾಗಾದರೆ ಕಣ ಅರ್ಧ ಹೊತ್ತು ಕೊಳವೆಯ ಮೇಲರ್ಧದಲ್ಲಿ, ಅರ್ಧ ಹೊತ್ತು ಕೆಳಗಿನರ್ಧದಲ್ಲಿ. ಜಾರು ಯಾವಾಗಲೂ ಮೇಲಕ್ಕೇ, ಆದರೆ ಮೇಲೆ ಇದ್ದಾಗ ಅದು ನಡುವಿನಿಂದ ದೂರ, ಕೆಳಗೆ ಇದ್ದಾಗ ನಡುವಿನ ಹತ್ತಿರಕ್ಕೆ. ವಜಾ ಆಯ್ತಲ್ಲ! ಟೋಕಾಮಾಕ್‌ನಲ್ಲಿ ಈ ತಿರುಚು ಪ್ಲಾಸ್ಮಾದೊಳಗೇ ಹರಿಯುವ ಕರೆಂಟಿನಿಂದ ಬರುತ್ತದೆ. ಇದೇ ಕೆಲಸದ ಇನ್ನೊಂದು ಬಗೆಯ ಯಂತ್ರ, ಜರ್ಮನಿಯ ವೆಂಡೆಲ್‌ಸ್ಟೈನ್ 7-ಎಕ್ಸ್‌ನವರು ಕಾಯಿಲ್‌ಗಳನ್ನೇ ಸೊಟ್ಟಗೆ ಮಾಡಿದರು, ಅಂಥವು 50 ಇವೆ.

ಕೋಡ್‌ನಲ್ಲಿ ಕೊಳವೆಯ ಸುತ್ತ ಇನ್ನೊಂದು ಕ್ಷೇತ್ರ ಸೇರಿಸಿ. ನಡುವಿನಿಂದ 10 ಸೆಂ.ಮೀ. ದೂರದಲ್ಲಿ 0.067 ಟೆಸ್ಲಾ ಇಟ್ಟರೆ, ಗೆರೆ ಬಳೆಯನ್ನು ಎರಡು ಸಲ ಸುತ್ತುವಷ್ಟರಲ್ಲಿ ಕೊಳವೆಯನ್ನು ಒಂದು ಸಲ ಸುತ್ತುತ್ತದೆ.

ಕಾಫಿಕಣ

ಜಾರುವುದು ನಿಂತಿತು! ಆದರೆ ಇನ್ನೊಂದು ತಲೆನೋವು. ಹೊರಗಿನ ಬದಿಯಿಂದ ಬಿಟ್ಟು, ಗೆರೆಯುದ್ದದ ವೇಗ ಒಟ್ಟು ವೇಗದ ಐದನೇ ಒಂದು ಭಾಗಕ್ಕೆ ಇಳಿಸಿದೆ. ಪ್ರೋಟಾನ್ ಪೂರ್ತಿ ಸುತ್ತದೆ ಅರ್ಧದಿಂದಲೇ ವಾಪಸ್ ಬರುತ್ತಿದೆ. ಅಡ್ಡ ಕೊಯ್ದ ಚಿತ್ರದಲ್ಲಿ ನೋಡಿದರೆ ಥೇಟ್ ಬಾಳೆಹಣ್ಣು. ಪ್ಲಾಟ್ ಕೆಟ್ಟಿತಾ?

ಹಾರಂಗಿಯವ

ಇಲ್ಲ, ಅದರ ಹೆಸರೇ ಬನಾನಾ ಆರ್ಬಿಟ್! ಒಳಬದಿಯಲ್ಲಿ ಕ್ಷೇತ್ರ ಜೋರು, ಮುಂದಕ್ಕೆ ಹೋಗುವ ವೇಗ ಕಡಿಮೆ ಇರುವ ಕಣ ಅಲ್ಲಿ ತಡೆದು ಹಿಂದೆ ಬರುತ್ತದೆ, ಏರು ಹತ್ತಲಾರದ ಗಾಡಿ ಹಾಗೆ. ಗೆರೆಯುದ್ದದ ವೇಗ ಒಟ್ಟು ವೇಗದ ಅರ್ಧಕ್ಕಿಂತ ಸ್ವಲ್ಪ ಮೇಲೆ ಇಟ್ಟು ಬಿಡಿ, ಪೂರ್ತಿ ಸುತ್ತುತ್ತದೆ.

ಕಾಫಿಕಣ

0.6 ಇಟ್ಟೆ, ಸುತ್ತಿತು. ಕರೆಂಟ್ ಹೋಗುವ ಮುಂಚೆ ಎರಡೂ ಚಿತ್ರ ಸೇವ್ ಮಾಡಿಕೊಂಡೆ ಅಣ್ಣಾ.