ಕಳೆದ ವರ್ಷ ಚೆನ್ನಾಗಿ ಓಡಿದ ಪೆಟ್ರೋಲ್ ಎಂಜಿನ್ ಈಗೇಕೆ ತಡವರಿಸುತ್ತಿದೆ?

ಪ್ರಶ್ನೆ (ಧಾರವಾಡದಿಂದ): ನಮಸ್ಕಾರ ಸರ್. ನನ್ನ ಮಾದರಿ ವಿಮಾನದಲ್ಲಿ 30 ಸಿಸಿಯ ಟೂ-ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಇದೆ. ಪ್ರೊಪೆಲ್ಲರ್ 18×8, ಪೆಟ್ರೋಲಿಗೆ ಎಣ್ಣೆ 30:1ರ ಪ್ರಮಾಣದಲ್ಲಿ ಬೆರೆಸುತ್ತೇನೆ. ಕಳೆದ ಬೇಸಿಗೆಯಲ್ಲಿ ಯಾವ ತಕರಾರೂ ಇರಲಿಲ್ಲ. ಮಳೆಗಾಲ ಬಂದಾಗ ಟ್ಯಾಂಕಿನಲ್ಲಿ ಸ್ವಲ್ಪ ಪೆಟ್ರೋಲ್ ಉಳಿದಿದ್ದಂತೆಯೇ ಅಟ್ಟದ ಮೇಲೆ ಇಟ್ಟಿದ್ದೆ. ಈಗ ಸ್ಟಾರ್ಟ್ ಆಗುತ್ತದೆ, ಐಡಲ್‌ನಲ್ಲಿಯೂ (ಅತಿ ಕಡಿಮೆ ವೇಗದಲ್ಲಿ) ಆರದೆ ಓಡುತ್ತದೆ. ಆದರೆ ಥ್ರಾಟಲನ್ನು ಬೇಗನೆ ತೆರೆದರೆ ತಡವರಿಸಿ ಆರಿಹೋಗುತ್ತದೆ. ನಿಧಾನವಾಗಿ ತೆರೆದರೆ ವೇಗ ಏರುತ್ತದೆಯಾದರೂ ಪೂರ್ಣ ಥ್ರಾಟಲ್‌ನಲ್ಲಿ ಎರಡು ಮೂರು ನಿಮಿಷ ಕಳೆಯುವಷ್ಟರಲ್ಲಿ ಶಕ್ತಿ ಕುಂದುತ್ತಾ ಬರುತ್ತದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಪ್ರಮಾಣವನ್ನು ಹೊಂದಿಸುವ ಎರಡೂ ಸೂಜಿಗಳನ್ನು ತಿರುಗಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಸೂಜಿಗಳು ಎಲ್ಲಿರಬೇಕು ಎಂದು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ. ಸೂಜಿಗಳ ಸ್ಥಾನವನ್ನು ಕೊನೆಯಲ್ಲಿ ಹೇಳುತ್ತೇನೆ, ಏಕೆಂದರೆ ದೋಷ ಅಲ್ಲಿ ಹುಟ್ಟಿದ್ದಲ್ಲ. ಅಟ್ಟದ ಮೇಲಿದ್ದ ಎಂಜಿನ್ನಿನ ಸೂಜಿಗಳು ತಾವಾಗಿಯೇ ತಿರುಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ಆ ಸ್ಥಾನದಲ್ಲೇ ಎಂಜಿನ್ ಸರಿಯಾಗಿ ಓಡಿತ್ತು ಎಂದ ಮೇಲೆ ಬದಲಾಗಿರುವುದು ಬೇರೆ ಏನೋ, ಅದನ್ನು ಬಿಟ್ಟು ಸೂಜಿಯನ್ನು ತಿರುಗಿಸುತ್ತಾ ಹೋದರೆ ಒಂದು ದೋಷದ ಮೇಲೆ ಇನ್ನೊಂದು ಸೇರುತ್ತದೆ.

ನೀವು ಹೇಳಿದ ಎರಡೂ ಲಕ್ಷಣಗಳು ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ ಎಂಬುದನ್ನೇ ಸೂಚಿಸುತ್ತವೆ. ಥ್ರಾಟಲ್ ತೆರೆದ ಕ್ಷಣದಲ್ಲಿ ಗಾಳಿ ಥಟ್ಟನೆ ನುಗ್ಗುತ್ತದೆ, ಪೆಟ್ರೋಲ್ ಅದರ ಹಿಂದೆ ಬೀಳುತ್ತದೆ. ಮಿಶ್ರಣ ಲೀನ್ ಆಗಿ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿ, ಎಂಜಿನ್ ಆರುತ್ತದೆ. ಪೂರ್ಣ ಥ್ರಾಟಲ್‌ನಲ್ಲಿ ಖರ್ಚಾಗುವಷ್ಟನ್ನು ಕಾರ್ಬ್ಯುರೇಟರಿನ ಪಂಪ್ ಒದಗಿಸಲಾರದಿದ್ದರೆ ಶಕ್ತಿ ಮೆಲ್ಲಗೆ ಇಳಿಯುತ್ತದೆ. ಈ ಗಾತ್ರದ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿರುವ ವಾಲ್‌ಬ್ರೊ ಮಾದರಿಯ ಕಾರ್ಬ್ಯುರೇಟರಿನಲ್ಲಿ ಬೈಕಿನಲ್ಲಿರುವಂತೆ ತೇಲುಬುರುಡೆ ಇರುವುದಿಲ್ಲ. ಅದರ ಬದಲು ಎರಡು ತೆಳು ಪೊರೆಗಳಿರುತ್ತವೆ. ಒಂದು ಡಯಾಫ್ರಂ ಕ್ರ್ಯಾಂಕ್‌ಕೇಸಿನಲ್ಲಿ ಏರಿಳಿಯುವ ಒತ್ತಡದಿಂದ ಮಿಡಿಯುತ್ತಾ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ತರುತ್ತದೆ, ಇನ್ನೊಂದು ಡಯಾಫ್ರಂ ಒಂದು ಪುಟ್ಟ ಲಿವರನ್ನು ಒತ್ತಿ ಒಳಬಾಗಿಲನ್ನು ಬೇಕಾದಷ್ಟೇ ತೆರೆಯುತ್ತದೆ. ಈ ಪೊರೆಗಳು ಮೃದುವಾಗಿರುವವರೆಗೆ ಮಾತ್ರ ಲೆಕ್ಕ ಸರಿಯಿರುತ್ತದೆ. ಈಗ ನಮ್ಮ ಬಂಕ್‌ಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಅಂಥ ಪೆಟ್ರೋಲನ್ನು ಒಳಗೇ ಬಿಟ್ಟರೆ ಪೊರೆಗಳು ಬಿರುಸಾಗುತ್ತವೆ ಇಲ್ಲವೇ ಸುಕ್ಕುಗಟ್ಟುತ್ತವೆ. ಪೆಟ್ರೋಲ್ ಆರಿದ ಮೇಲೆ ಉಳಿಯುವ ಎಣ್ಣೆಯ ಅಂಟು ಒಳಗಿನ ಸಣ್ಣ ಜಾಲರಿಯಲ್ಲಿ ಕೂರುತ್ತದೆ. ಮಳೆಗಾಲ ಕಳೆದ ಮೇಲೆ ನನ್ನ ಮೇಜಿಗೆ ಬರುವ ಎಂಜಿನ್‌ಗಳಲ್ಲಿ ಹೆಚ್ಚಿನವುಗಳ ಕಥೆ ಇದೇ.

ಆದ್ದರಿಂದ ಟ್ಯಾಂಕಿನಿಂದಲೇ ಆರಂಭಿಸಿ. ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು ಹೊಸದನ್ನು ಹಾಕಿ. ಟ್ಯಾಂಕಿನ ಒಳಗಿನ ಪೈಪು ಗಟ್ಟಿಯಾಗಿ ಅದರ ತುದಿಯ ತೂಕ ಆಡದಂತಾಗಿದೆಯೇ, ತುದಿಯಲ್ಲಿ ಫಿಲ್ಟರ್ ಇದ್ದರೆ ಅದು ಕಟ್ಟಿಕೊಂಡಿದೆಯೇ, ಗಾಳಿ ಒಳಬರುವ ಪೈಪು ಮಡಚಿಕೊಂಡಿದೆಯೇ ಎಂದು ನೋಡಿ. ಮೆಥನಾಲ್ ಎಂಜಿನ್‌ಗಳಿಗೆ ಬಳಸುವ ಸಿಲಿಕೋನ್ ಪೈಪು ಪೆಟ್ರೋಲಿಗೆ ಆಗದು, ಅದು ಉಬ್ಬಿ ಹಾಳಾಗುತ್ತದೆ. ಟೈಗಾನ್‌ನಂಥ ಪೆಟ್ರೋಲಿಗೆಂದೇ ಇರುವ ಪೈಪನ್ನೇ ಬಳಸಬೇಕು. ಅನಂತರ ಕಾರ್ಬ್ಯುರೇಟರನ್ನು ಬಿಚ್ಚಿ ಜಾಲರಿಯನ್ನು ಶುಚಿಗೊಳಿಸಿ, ಡಯಾಫ್ರಂ ಮತ್ತು ಗ್ಯಾಸ್ಕೆಟ್‌ಗಳ ಹೊಸ ಕಿಟ್ ಹಾಕಿ. ಎರಡು ಬದಿಗಳಲ್ಲಿ ಗ್ಯಾಸ್ಕೆಟ್ ಮತ್ತು ಡಯಾಫ್ರಂ ಕೂರುವ ಕ್ರಮ ಬೇರೆ ಬೇರೆಯಾಗಿರುವುದರಿಂದ, ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಲಿವರನ್ನು ಬಗ್ಗಿಸಬೇಡಿ. ತಂತಿಯಿಂದ ರಂಧ್ರಗಳನ್ನು ಕೆದಕಲೂಬೇಡಿ. ಸ್ಪ್ರೇ ಕ್ಲೀನರ್ ಸಾಕು, ಅದನ್ನೂ ಪೊರೆಗಳನ್ನು ತೆಗೆದ ನಂತರವೇ ಬಳಸಬೇಕು.

ಮತ್ತೆ ಜೋಡಿಸುವಾಗ ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಿನ ಗ್ಯಾಸ್ಕೆಟ್ ಹರಿದಿಲ್ಲವೆಂದೂ ಬೋಲ್ಟ್‌ಗಳು ಸಡಿಲವಾಗಿಲ್ಲವೆಂದೂ ಖಚಿತಪಡಿಸಿಕೊಳ್ಳಿ. ಅಲ್ಲಿ ಗಾಳಿ ಸೋರಿದರೂ ಲಕ್ಷಣಗಳು ಹೀಗೆಯೇ ಇರುತ್ತವೆ.

ಇಷ್ಟಾದ ಮೇಲೆ ಸೂಜಿಗಳ ಮಾತು. ಎರಡನ್ನೂ ಬಲಕ್ಕೆ ತಿರುಗಿಸಿ, ಬಿಗಿಯದೆ ಮೆಲ್ಲಗೆ ಮುಚ್ಚಿ, ಅಲ್ಲಿಂದ ಸುಮಾರು ಒಂದೂವರೆ ಸುತ್ತು ತೆರೆಯಿರಿ; ಎಂಜಿನ್ನಿನ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದನ್ನೇ ಅನುಸರಿಸಿ. ವಿಮಾನದ ಬಾಲವನ್ನು ಗೂಟಕ್ಕೆ ಕಟ್ಟಿ, ಪ್ರೊಪೆಲ್ಲರಿನ ಹಿಂದೆ ನಿಂತು ಕೆಲಸ ಮಾಡಿ. ಎಂಜಿನ್ ಬಿಸಿಯಾದ ಮೇಲೆ ಪೂರ್ಣ ಥ್ರಾಟಲ್‌ನಲ್ಲಿ ಟ್ಯಾಕೋಮೀಟರ್ ಹಿಡಿದು ಹೈ ಸೂಜಿಯಿಂದ (ಹೆಚ್ಚಿನ ವೇಗದ ಸೂಜಿ) ಗರಿಷ್ಠ ವೇಗವನ್ನು ಕಂಡುಕೊಂಡು, ಅದಕ್ಕಿಂತ ನಿಮಿಷಕ್ಕೆ ಸುಮಾರು 200 ಸುತ್ತು ಕಡಿಮೆಯಾಗುವಷ್ಟು ಸೂಜಿಯನ್ನು ಹೊರಗೆ ತೆರೆಯಿರಿ. ಬಳಿಕ ಐಡಲ್‌ಗೆ ಇಳಿಸಿ ಥ್ರಾಟಲನ್ನು ಥಟ್ಟನೆ ತೆರೆಯಿರಿ. ಎಂಜಿನ್ ಒಮ್ಮೆಗೇ ಉಸಿರು ಕಟ್ಟಿದಂತೆ ನಿಂತರೆ ಲೋ ಸೂಜಿಯನ್ನು (ಕಡಿಮೆ ವೇಗದ ಸೂಜಿ) ಎಂಟನೇ ಒಂದು ಸುತ್ತು ತೆರೆಯಬೇಕು. ಹೊಗೆ ಕಾರುತ್ತಾ ಗುಡುಗುಡು ಸದ್ದಿನೊಂದಿಗೆ ತಡವಾಗಿ ಏರಿದರೆ ಅಷ್ಟೇ ಮುಚ್ಚಬೇಕು. ಪೂರ್ಣ ಥ್ರಾಟಲ್‌ನಲ್ಲಿ ಲೋ ಸೂಜಿಯ ದಾರಿಯಿಂದಲೂ ಪೆಟ್ರೋಲ್ ಬರುವುದರಿಂದ, ಕೊನೆಯಲ್ಲಿ ಹೈ ಸೂಜಿಯನ್ನು ಇನ್ನೊಮ್ಮೆ ಪರೀಕ್ಷಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ನನ್ನ ಎಂಜಿನ್ ಮಂಗಳೂರಿನಲ್ಲಿ ಸರಿಯಾಗಿತ್ತು. ಬೆಂಗಳೂರಿಗೆ ತಂದ ಮೇಲೆ ಹೊಗೆ ಹೆಚ್ಚಾಗಿದೆ, ಅರ್ಧ ಥ್ರಾಟಲ್‌ನಲ್ಲಿ ಗುಡುಗುಡು ಸದ್ದು ಬರುತ್ತಿದೆ. ನಾನೂ ಕಿಟ್ ಬದಲಿಸಬೇಕೇ?

ಉತ್ತರ: ಬೇಕಿಲ್ಲ. ಇಲ್ಲಿ ಬದಲಾಗಿರುವುದು ಗಾಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ಸುಮಾರು ಶೇ 8ರಷ್ಟು ಕಡಿಮೆ. ಸೂಜಿಗಳು ಅಲ್ಲಿಯ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನೇ ಬಿಡುತ್ತಿರುವುದರಿಂದ ಮಿಶ್ರಣ ರಿಚ್ ಆಗಿದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗಿದೆ. ಮೇಲೆ ಹೇಳಿದ ಕ್ರಮದಲ್ಲೇ ಎರಡನ್ನೂ ಸ್ವಲ್ಪ ಮುಚ್ಚಿ. ಆದರೆ ಮತ್ತೆ ಮಂಗಳೂರಿಗೆ ಒಯ್ದಾಗ ಹಾರಿಸುವ ಮೊದಲೇ ತೆರೆಯಲು ಮರೆಯಬೇಡಿ. ರಿಚ್ ಮಿಶ್ರಣ ಪ್ಲಗ್ಗನ್ನು ಕಪ್ಪಾಗಿಸುತ್ತದೆ, ಅಷ್ಟೇ. ಲೀನ್ ಮಿಶ್ರಣದಲ್ಲಿ ಪಿಸ್ಟನ್ ಅತಿಯಾಗಿ ಬಿಸಿಯಾಗಿ ಗೀರು ಬೀಳುತ್ತದೆ, ಆಮೇಲೆ ಸಿಲಿಂಡರಿಗೇ ಹಣ ತೆರಬೇಕಾಗುತ್ತದೆ.

ಮತ್ತೊಬ್ಬರ ಪ್ರಶ್ನೆ: ನನ್ನ ಎಂಜಿನ್ನಿನ ಶಕ್ತಿ ಮೆಲ್ಲಗೆ ಇಳಿಯುವುದಿಲ್ಲ, ಸ್ವಿಚ್ ಆರಿಸಿದಂತೆ ಹಾರಾಟದ ನಡುವೆಯೇ ನಿಂತುಬಿಡುತ್ತದೆ. ಇದಕ್ಕೂ ಇದೇ ಚಿಕಿತ್ಸೆಯೇ?

ಉತ್ತರ: ಅಲ್ಲ. ಪೆಟ್ರೋಲಿನ ಕೊರತೆ ಸಾಮಾನ್ಯವಾಗಿ ಮುನ್ಸೂಚನೆ ಕೊಡುತ್ತದೆ, ಇಗ್ನಿಷನ್ ಕೊಡುವುದಿಲ್ಲ. ಇಗ್ನಿಷನ್ ಬ್ಯಾಟರಿ, ಸ್ವಿಚ್ ಮತ್ತು ಕನೆಕ್ಟರ್‌ಗಳನ್ನು ಮೊದಲು ನೋಡಿ. ಕಂಪನದಿಂದ ಸಡಿಲವಾದ ಒಂದು ಪಿನ್ ಸಾಕು. ಪ್ಲಗ್ ಕ್ಯಾಪ್ ಬಿಗಿಯಾಗಿ ಕೂರಬೇಕು, ಪ್ಲಗ್ಗಿನ ಅಂತರ ಸುಮಾರು 0.5 ಮಿಮೀ ಇರಬೇಕು. ತಣ್ಣಗಿದ್ದಾಗ ಓಡಿ, ಬಿಸಿಯಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಓಡುವುದಾದರೆ ಪ್ರೊಪೆಲ್ಲರ್ ಹಬ್ಬಿನಲ್ಲಿರುವ ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರಿನ ಮೇಲೆ ಸಂಶಯಪಡಿ. ಪರೀಕ್ಷಿಸುವಾಗ ಪ್ಲಗ್ಗನ್ನು ಕ್ಯಾಪಿನೊಳಗೇ ಇಟ್ಟು ಅದರ ಲೋಹದ ಭಾಗ ಎಂಜಿನ್ನಿಗೆ ತಾಗುವಂತೆ ಹಿಡಿಯಬೇಕು. ಕ್ಯಾಪನ್ನು ಖಾಲಿ ಬಿಟ್ಟು ಕಿಡಿ ಹಾರಿಸಿದರೆ ಇಗ್ನಿಷನ್ ಘಟಕವೇ ಸುಟ್ಟುಹೋಗಬಹುದು.

ಪ್ರಶ್ನೆ (ಧಾರವಾಡದಿಂದ ಮತ್ತೆ): ಧನ್ಯವಾದ ಸರ್. ಜಾಲರಿಯ ಮೇಲೆ ಕಂದು ಅಂಟು ಕೂತಿತ್ತು, ಡಯಾಫ್ರಂ ಬಿರುಸಾಗಿ ಅಲೆಅಲೆಯಾಗಿತ್ತು. ಕಿಟ್ ಬದಲಿಸಿದ ಮೇಲೆ ನೆಲದ ಮೇಲೆ ಎಂಜಿನ್ ಸೊಗಸಾಗಿ ಓಡುತ್ತಿದೆ. ಆದರೆ ಈ ಬಾರಿ ಹೊಸ ಕೌಲ್ (ಎಂಜಿನ್ನಿನ ಹೊರಕವಚ) ಹಾಕಿದ್ದೇನೆ. ಹಾರಾಟದಲ್ಲಿ ವೇಗ ಹೆಚ್ಚಿದಾಗ ಮಾತ್ರ ಮಿಶ್ರಣ ಏರುಪೇರಾಗುತ್ತಿದೆ.

ಉತ್ತರ: ಪೆಟ್ರೋಲನ್ನು ಅಳೆಯುವ ಡಯಾಫ್ರಂನ ಮುಚ್ಚಳದ ನಡುವೆ ಒಂದು ಸಣ್ಣ ರಂಧ್ರವಿದೆ. ಹೊರಗಿನ ಗಾಳಿಯ ಒತ್ತಡ ಎಷ್ಟೆಂದು ಪೊರೆಗೆ ತಿಳಿಯುವುದು ಅದರ ಮೂಲಕವೇ. ಕೌಲಿನೊಳಗೆ ನುಗ್ಗುವ ಗಾಳಿ ವಿಮಾನದ ವೇಗಕ್ಕೆ ತಕ್ಕಂತೆ ಆ ಒತ್ತಡವನ್ನು ಬದಲಿಸುತ್ತಿದೆ, ಅದರೊಂದಿಗೆ ಮಿಶ್ರಣವೂ ಬದಲಾಗುತ್ತಿದೆ. ಮುಚ್ಚಳವನ್ನು ಬಿಚ್ಚಿ ಹೊರಗಿಟ್ಟು, ಆ ರಂಧ್ರದ ಮೇಲೆ ಸಣ್ಣ ಹಿತ್ತಾಳೆಯ ಕೊಳವೆಯನ್ನು ಬೆಸುಗೆ ಹಾಕಿ, ಅದಕ್ಕೆ ಪೈಪು ಸಿಕ್ಕಿಸಿ ಗಾಳಿಯ ರಭಸವಿಲ್ಲದ ವಿಮಾನದ ಒಡಲಿನೊಳಗೆ ಬಿಡಿ. ಜೊತೆಗೆ ಕೌಲಿನಿಂದ ಬಿಸಿಗಾಳಿ ಹೊರಹೋಗುವ ದಾರಿ ಒಳಬರುವ ದಾರಿಗಿಂತ ಎರಡು ಪಟ್ಟಾದರೂ ದೊಡ್ಡದಿದೆಯೇ ಎಂದು ಅಳೆದು ನೋಡಿ. ಈ ಎರಡು ಮುಗಿಯುವವರೆಗೆ ಸೂಜಿಗಳನ್ನು ಮುಟ್ಟಬೇಡಿ.