ಏಳೂವರೆಗೆ ಮನೆ ಸೇರುವವರು ರಾತ್ರಿಗೆ ಏನು ಮಾಡುತ್ತೀರಿ?

ಕ್ಯಾತ್ಸಂದ್ರ ಅಮ್ಮ: ಕೆಲಸ ಮುಗಿಸಿ ಬರುವಷ್ಟರಲ್ಲಿ ಏಳೂವರೆ. ಇಬ್ಬರು ಮಕ್ಕಳು. ಒಂಬತ್ತರೊಳಗೆ ಊಟ ಆಗಬೇಕು, ಅಲ್ಲಿವರೆಗೆ ಬಾಯಾಡಿಸಲು ಏನಾದರೂ ಬೇಕು. ನಿಮ್ಮ ಅನುಭವ ಹೇಳಿ.

ಚಿಂತಾಮಣಿ ಸೊಸೆ: ಹಿತಕವರೆ ಕೈಯಲ್ಲಿದ್ದರೆ ಅರ್ಧ ಗಂಟೆಗೆ ಸಾರು ರೆಡಿ ಅಂತ ನಂಬಿ ಹೋದ ಜನವರಿಯಲ್ಲಿ 10 ಕೆಜಿ ಅವರೆಕಾಯಿ ತಂದೆ. ಕೆಜಿಗೆ 60, ಆಟೋಗೆ 80. ಸುಲಿದರೆ ಕಾಳು 4 ಕೆಜಿಯೂ ಇಲ್ಲ. ರಾತ್ರಿ ನೆನೆಹಾಕಿ, ಮರುದಿನ ಅತ್ತೆ, ನಾನು ಕೂತು ಹಿಚುಕಿದೆವು. ಉಗುರಿನ ಸಂದಿಯೆಲ್ಲ ಉರಿ. ಡಬ್ಬಿ ತುಂಬಿ ಫ್ರೀಜರಿಗಿಟ್ಟೆ. ಮದುವೆಗೆ ಹೋಗಿದ್ದಾಗ ಎರಡು ದಿನ ಕರೆಂಟ್ ಇಲ್ಲ! ಬಾಗಿಲು ತೆಗೆದರೆ ಹುಳಿ ವಾಸನೆ. ಅತ್ತೆ ಇವತ್ತಿಗೂ ನೆಂಟರ ಮುಂದೆ ಇದನ್ನೇ ಹೇಳುತ್ತಾರೆ.

ಮಾಲೂರು ಹುಡುಗ: ಅಷ್ಟೆಲ್ಲ ಯಾಕೆ? ಸುಮ್ನೆ ಉಪ್ಸಾರು ಮಾಡಿ. ಬೇಳೆ, ಹುರುಳಿಕಾಯಿ ಉಪ್ಪು ಹಾಕಿ ಬೇಯಿಸಿ ಕಟ್ಟು ಬಸಿದರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಸುಟ್ಟ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು ಹಾಕಿ ಖಾರ ಭಾನುವಾರವೇ ಅರೆದಿಡುತ್ತೇನೆ. ಟೊಮೇಟೊ ಬೇಡವೇ ಬೇಡ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸ್ 2,000 ದಾಟಿದಾಗ ಊರೆಲ್ಲ ಅಳುತ್ತಿತ್ತು. ನಮ್ಮ ಅಡುಗೆಮನೆಗೆ ಅದು ಗೊತ್ತೇ ಆಗಲಿಲ್ಲ.

ಮುಳಬಾಗಿಲು ತೋಟ: ಬೆಲೆ ಬಿದ್ದು ನಾವು ಹಣ್ಣನ್ನು ರಸ್ತೆ ಬದಿ ಸುರಿದಾಗ ನಿಮ್ಮ ಅಡುಗೆಮನೆಗೆ ಅದಾದರೂ ಗೊತ್ತಾಯ್ತಾ? ನೀವು ಹೇಳುವ ಆ ಜುಲೈನಲ್ಲಿ ನನ್ನ ಗಿಡಕ್ಕೆ ಎಲೆಮುದುಡು ರೋಗ. ಔಷಧಿಗೇ 18,000 ಹೋಯಿತು, ಕೈಗೆ ಬಂದದ್ದು 11 ಬಾಕ್ಸ್. ಟೊಮೇಟೊ ಬೇಡ ಅನ್ನುವವರನ್ನು ಕಂಡರೆ ಮೈ ಉರಿಯುತ್ತದೆ.

ಮಾಲೂರು ಹುಡುಗ: ಅಣ್ಣಾ, ನಾನು ಸಾರಿನ ವಿಷಯ ಹೇಳಿದ್ದು.

ಪಾವಗಡದವಳು: ಬಾಯಾಡಿಸಲು ಕೇಳಿದ್ದಾರೆ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಹಸಿ ಕಡಲೆಕಾಯಿ ಉಪ್ಪು ನೀರಲ್ಲಿ ಕುಕ್ಕರಿಗೆ ಹಾಕಿ. ನಾನು ಮಣ್ಣು ಸರಿಯಾಗಿ ತೊಳೆಯದೆ ಹಾಕಿ ವಿಷಲ್ ಕಟ್ಟಿಕೊಂಡು, ಗ್ಯಾಸ್ಕೆಟ್, ವಾಲ್ವ್ ಸೇರಿ 240 ತೆತ್ತೆ. ಈಗ ಮೂರು ಸಲ ತೊಳೆಯುತ್ತೇನೆ.

ಕ್ಯಾತ್ಸಂದ್ರ ಅಮ್ಮ: ಉಪ್ಸಾರೇ ಸರಿ. ಆದರೆ ನನ್ನ ಮುದ್ದೆ ಗಂಟಾಗುತ್ತದೆ.

ಚಿಂತಾಮಣಿ ಸೊಸೆ: ಎಸರಿಗೆ ಒಂದು ಹಿಡಿ ಅನ್ನ ಹಾಕಿ, ಆಮೇಲೆ ಹಿಟ್ಟು.

ಮಾಲೂರು ಹುಡುಗ: ಅನ್ನ ಹಾಕಿದರೆ ಅದು ಮುದ್ದೆಯೇ ಅಲ್ಲ. ಹಿಟ್ಟು ಸುರಿದು, ನಡುವೆ ಕೋಲು ನೆಟ್ಟು ಐದಾರು ನಿಮಿಷ ಕುದಿಯಲು ಬಿಡಬೇಕು. ಆಮೇಲೇ ತೊಳಸುವುದು.

ಚಿಂತಾಮಣಿ ಸೊಸೆ: ನಿಮ್ಮ ಮನೆಯಲ್ಲಿ ತೊಳಸುವವರು ಯಾರು, ನೀವಾ?

ಮಾಲೂರು ಹುಡುಗ: ಖಾರ ನಾನು ಅರೆಯುತ್ತೇನೆ.

ಪಾವಗಡದವಳು: ಮುದ್ದೆ ಅಮ್ಮ ತಾನೆ?

ಮಾಲೂರು ಹುಡುಗ: ಅಮ್ಮ.